ಕಾರ್ ಕೀಗೆ ಹೊಸ ಸೆಲ್, ಮನೆಯಲ್ಲೇ

ನಮ್ಮ ಕಾರಿನ ಕೀ ಒಂದೇ ಸಲ ಕೈಕೊಡಲಿಲ್ಲ. ನಿಧಾನಕ್ಕೆ ಸೊರಗಿತು. ಮೊದಲೆಲ್ಲ ಮನೆ ಬಾಗಿಲಲ್ಲಿ ನಿಂತು ಬಟನ್ ಒತ್ತಿದರೂ ಗೇಟಿನ ಆಚೆ ನಿಂತ ಕಾರು ಟಿಕ್ ಅಂತ ಲಾಕ್ ಆಗುತ್ತಿತ್ತು. ಆಮೇಲೆ ಗೇಟಿನ ತನಕ ನಡೆದು ಹೋಗಿ ಒತ್ತಬೇಕಾಯಿತು. ಬೇಸಿಗೆ ಬರುವ ಹೊತ್ತಿಗೆ ಕಾರಿನ ಗಾಜಿಗೆ ತಾಗಿಸಿದ ಹಾಗೆ ಹಿಡಿದು ಅಮುಕಿದರೆ ಮಾತ್ರ ಕೇಳುತ್ತಿತ್ತು. ಜೋರಾಗಿ ಅಮುಕಿದರೆ ಜಾಸ್ತಿ ದೂರ ಹೋಗುತ್ತೆ ಅನ್ನೋದು ಟಿವಿ ರಿಮೋಟ್ ಬಂದಾಗಿನಿಂದ ನಮಗೆಲ್ಲ ಅಂಟಿಕೊಂಡಿರುವ ನಂಬಿಕೆ. ಬಟನ್ ರಬ್ಬರು ಸವೆಯುತ್ತೆ, ಅಷ್ಟೇ.

ಜೊತೆಗೆ ಗಾಡಿ ಸ್ಟಾರ್ಟ್ ಮಾಡಿದಾಗ ಮೀಟರಿನಲ್ಲಿ ಒಂದು ಪುಟ್ಟ ಕೀ ಚಿತ್ರ ಬಂದು, ಬ್ಯಾಟರಿ ಕಮ್ಮಿ ಇದೆ ಅಂತ ತೋರಿಸಿ ಮಾಯವಾಗುತ್ತಿತ್ತು. ಅದನ್ನು ನೋಡಿದ ನಮ್ಮ ಯಜಮಾನರು ಭಾನುವಾರ ಬಾನೆಟ್ ಎತ್ತಿ, ದೊಡ್ಡ ಬ್ಯಾಟರಿಯ ಟರ್ಮಿನಲ್‌ಗಳನ್ನೆಲ್ಲ ಉಜ್ಜಿ ಫಳಫಳ ಮಾಡಿದರು. ಅದು 12 ವೋಲ್ಟಿನದು. ಕಾರಿನದು. ಕೀ ಒಳಗೆ ಕೂತಿರೋದು 3 ವೋಲ್ಟಿನ ಒಂದು ಗುಂಡು ಸೆಲ್. ಒಂದಕ್ಕೂ ಇನ್ನೊಂದಕ್ಕೂ ಸಂಬಂಧ ಇಲ್ಲ. ಟರ್ಮಿನಲ್ ಉಜ್ಜಿದ್ದರಿಂದ ನಷ್ಟವೇನೂ ಆಗಲಿಲ್ಲ ಅನ್ನಿ.

ತೊಂದರೆ ಕೀದೋ ಕಾರಿನದೋ ಅಂತ ತಿಳಿಯೋಕೆ ಸುಲಭದ ದಾರಿ ಇದೆ. ಬೀರುವಿನಲ್ಲಿಟ್ಟ ಎರಡನೇ ಕೀ ತಂದು, ಅದೇ ಜಾಗದಲ್ಲಿ ನಿಂತು ಒತ್ತಿ ನೋಡೋದು. ಅದು ದೂರದಿಂದಲೇ ಕೆಲಸ ಮಾಡಿದರೆ ಕಾರು ಚೆನ್ನಾಗಿದೆ, ದಿನಾ ಬಳಸುವ ಕೀ ಸೆಲ್ ಸೋತಿದೆ ಅಂತ ಅರ್ಥ. ಎರಡೂ ಕೆಲಸ ಮಾಡಲಿಲ್ಲ ಅಂದರೆ ಆಗ ಬೇರೆ ಕಡೆ ನೋಡಬೇಕು. ನಮ್ಮದರಲ್ಲಿ ಎರಡನೇ ಕೀ ಬಾಗಿಲಿನಿಂದಲೇ ಟಿಕ್ ಅಂತು.

ಹರಿಹರದಲ್ಲಿ ನನ್ನ ಜೊತೆ ಕೆಲಸ ಮಾಡುವವರೊಬ್ಬರು ಇನ್ನೊಂದು ಉಪಾಯ ಹೇಳಿದ್ದರು. ಕೀಯನ್ನು ಮೊಬೈಲ್ ಕ್ಯಾಮೆರಾ ಮುಂದೆ ಹಿಡಿದು ಬಟನ್ ಒತ್ತಿ, ನೇರಳೆ ಬೆಳಕು ಮಿನುಗಿದರೆ ಸೆಲ್ ಇದೆ ಅಂತ. ಟಿವಿ ರಿಮೋಟಿಗೆ ಅದು ಸರಿ. ಅದರ ತುದಿಯಲ್ಲಿ ಇನ್‌ಫ್ರಾರೆಡ್ ಬಲ್ಬ್ ಇರುತ್ತೆ, ಕಣ್ಣಿಗೆ ಕಾಣದಿದ್ದರೂ ಕ್ಯಾಮೆರಾಕ್ಕೆ ಕಾಣುತ್ತೆ. ಕಾರಿನ ಕೀ ಕೆಲಸ ಮಾಡೋದು ರೇಡಿಯೊ ಅಲೆಯಲ್ಲಿ. ಹೊಸ ಸೆಲ್ ಹಾಕಿದ್ದರೂ ಕ್ಯಾಮೆರಾದಲ್ಲಿ ಏನೂ ಕಾಣಲ್ಲ. ಈ ಪರೀಕ್ಷೆ ಮಾಡಿ ಕೀಯೇ ಕೆಟ್ಟಿದೆ ಅಂತ ಗಾಬರಿ ಬೀಳಬೇಡಿ.

ಹೀಗೆ ನಾಳೆ ನೋಡೋಣ, ನಾಡಿದ್ದು ನೋಡೋಣ ಅಂತಿರುವಾಗ ಮಂಡಿಪೇಟೆಯಲ್ಲಿ ಅದು ಪೂರ್ತಿ ಸತ್ತಿತು. ದಿನಸಿ ತಗೊಂಡು ಅತ್ತೆ ಜೊತೆ ವಾಪಸ್ ಬಂದಿದ್ದೆ. ದಾವಣಗೆರೆ ಏಪ್ರಿಲ್ ಬಿಸಿಲು ಗೊತ್ತಲ್ಲ. ಎರಡೂ ಕೈಯಲ್ಲಿ ಚೀಲ. ಒತ್ತಿದೆ, ಏನೂ ಇಲ್ಲ. ಗಾಜಿಗೆ ತಾಗಿಸಿ ಒತ್ತಿದೆ, ಏನೂ ಇಲ್ಲ. ಕೀ ಮೇಲಿನ ಕೆಂಪು ದೀಪವೂ ಹತ್ತಲಿಲ್ಲ. ಅತ್ತೆ ಚೀಲ ಕೆಳಗಿಟ್ಟು, 'ನಿಮ್ಮ ಮಾವನ ಲೂನಾಕ್ಕೆ ಈ ರಗಳೆ ಇರ್ಲಿಲ್ಲ ನೋಡು. ಪೆಡಲ್ ತುಳಿ, ಹೋಗು' ಅಂದರು.

ಇಂಥ ಹೊತ್ತಿಗೆ ಏನು ಮಾಡಬೇಕು ಅಂತ ಗಾಡಿ ಜೊತೆ ಕೊಟ್ಟ ಪುಸ್ತಕದಲ್ಲಿ ಬರೆದಿರುತ್ತೆ. ಪುಸ್ತಕ ಮಾತ್ರ ಕಾರಿನ ಡ್ಯಾಶ್‌ಬೋರ್ಡ್ ಒಳಗೇ ಇರುತ್ತೆ, ಕಾರು ಲಾಕ್ ಆಗಿರುತ್ತೆ! ಹಿಂದೆ ಯಾವಾಗಲೋ ಓದಿದ್ದು ನೆನಪಿತ್ತು. ಬಟನ್ ಸ್ಟಾರ್ಟ್ ಕಾರುಗಳ ಕೀ ಹೊರಗಿನಿಂದ ನೋಡಿದರೆ ಬರೀ ಪ್ಲಾಸ್ಟಿಕ್ ತುಂಡು. ಆದರೆ ಪಕ್ಕದಲ್ಲಿ ಒಂದು ಸಣ್ಣ ಗುಂಡಿ ಇರುತ್ತೆ. ಅದನ್ನು ಜರುಗಿಸಿ ಹಿಡಿದು ಎಳೆದರೆ ಒಳಗಿನಿಂದ ಲೋಹದ ಕೀ ಹೊರಗೆ ಬರುತ್ತೆ. ಡ್ರೈವರ್ ಬಾಗಿಲಿನ ಹಿಡಿಕೆಯಲ್ಲಿ ಅದಕ್ಕೊಂದು ತೂತು. ಕೆಲವು ಕಾರುಗಳಲ್ಲಿ ಆ ತೂತಿನ ಮೇಲೆ ಪುಟ್ಟ ಮುಚ್ಚಳ ಇರೋದರಿಂದ ಎಷ್ಟೋ ಜನಕ್ಕೆ ತೂತು ಇರೋದೇ ಗೊತ್ತಿರಲ್ಲ. ನಿಮ್ಮ ಕಾರಿನಲ್ಲಿ ಅದು ಎಲ್ಲಿದೆ ಅಂತ ಇವತ್ತೇ ಒಮ್ಮೆ ನೋಡಿಟ್ಟುಕೊಳ್ಳಿ.

ತಿರುಗಿಸಿದೆ. ಬಾಗಿಲು ತೆರೆಯಿತು. ತೆರೆದ ತಕ್ಷಣ ಹಾರನ್ ಬಡಿದುಕೊಳ್ಳೋಕೆ ಶುರು. ರಿಮೋಟಿನಲ್ಲಿ ಲಾಕ್ ಮಾಡಿದ ಬಾಗಿಲನ್ನು ಲೋಹದ ಕೀಯಿಂದ ತೆರೆದರೆ ಕಳ್ಳ ಅಂತಲೇ ಲೆಕ್ಕ, ನಮ್ಮ ಕಾರಿಗೆ. ಹಮಾಲಿಯವರು ಮೂಟೆ ಹೊತ್ತುಕೊಂಡೇ ತಿರುಗಿ ನೋಡಿದರು. ಅತ್ತೆಗೆ ನಾಚಿಕೆ. ನಾನು ಒಳಗೆ ಕೂತು, ಬ್ರೇಕ್ ಒತ್ತಿ ಹಿಡಿದು, ಸತ್ತ ಕೀಯ ತುದಿಯಿಂದಲೇ ಸ್ಟಾರ್ಟ್ ಬಟನ್ ಒತ್ತಿದೆ. ಇಂಜಿನ್ ಶುರುವಾಯಿತು. ಹಾರನ್ ನಿಂತಿತು.

ಸೆಲ್ ಸತ್ತ ಕೀಯಿಂದ ಕಾರು ಹೇಗೆ ಸ್ಟಾರ್ಟ್ ಆಯಿತು? ಇಡೀ ವಿಷಯದಲ್ಲಿ ನನಗೆ ಇಷ್ಟವಾದ ಭಾಗ ಇದೇ. ಕೀ ಒಳಗೆ ಎರಡು ಬೇರೆ ಬೇರೆ ವ್ಯವಸ್ಥೆ ಇದೆ. ಒಂದು, ದೂರದಿಂದ ಬಾಗಿಲು ತೆರೆಯೋ ರೇಡಿಯೊ. ಅದಕ್ಕೆ ಸೆಲ್ ಬೇಕೇ ಬೇಕು. ಇನ್ನೊಂದು, ಕಾರಿಗೆ ನಾನು ನಿನ್ನದೇ ಕೀ ಅಂತ ಗುರುತು ಹೇಳುವ ಚಿಪ್. ಇದಕ್ಕೆ ಸೆಲ್ ಬೇಡ. ಸ್ಟಾರ್ಟ್ ಬಟನ್ ಸುತ್ತ ತಂತಿಯ ಸುರುಳಿ ಇದೆ. ಅದರಲ್ಲಿ ಕರೆಂಟ್ ಹರಿದಾಗ ಹುಟ್ಟುವ ಅಯಸ್ಕಾಂತ ಕ್ಷೇತ್ರದಿಂದಲೇ ಆ ಚಿಪ್ ತನಗೆ ಬೇಕಾದ ಚೂರು ವಿದ್ಯುತ್ ಪಡೆದು ಉತ್ತರ ಕೊಡುತ್ತೆ. ಮುಟ್ಟಿಸಿ ದುಡ್ಡು ಕೊಡುವ ಎಟಿಎಂ ಕಾರ್ಡಿನಲ್ಲೂ ಸೆಲ್ ಇಲ್ಲವಲ್ಲ, ಅಲ್ಲೂ ಇದೇ ತಂತ್ರ. ಆದರೆ ಇದು ಕೆಲವೇ ಸೆಂಟಿಮೀಟರ್ ದೂರದಲ್ಲಿ ಮಾತ್ರ ನಡೆಯುತ್ತೆ. ಅದಕ್ಕೇ ಕೀಯನ್ನು ಬಟನ್ನಿಗೆ ತಾಗಿಸಬೇಕು. ಕೆಲವು ಕಾರುಗಳಲ್ಲಿ ಸುರುಳಿ ಬಟನ್ ಹತ್ತಿರ ಇರಲ್ಲ. ಸ್ಟೇರಿಂಗ್ ಕಾಲಮ್ ಪಕ್ಕವೋ, ಗೇರ್ ಹತ್ತಿರದ ಗೂಡಿನಲ್ಲೋ ಇರುತ್ತೆ. ಪುಸ್ತಕದಲ್ಲಿ ಚಿತ್ರ ಸಮೇತ ಇರುತ್ತೆ.

ಇಷ್ಟು ಗೊತ್ತಾದ ಮೇಲೆ ಭಯ ಹೋಯಿತು. ಸೆಲ್ ತೆಗೆದರೆ ಕೀ ಕಾರನ್ನು ಮರೆತುಬಿಡುತ್ತೆ ಅಂತ ಸುಮಾರು ಜನ ಹೆದರಿಸಿದ್ದರು. ಸರ್ವಿಸ್‌ನವರಿಗೆ ಫೋನ್ ಮಾಡಿದಾಗಲೂ, 'ತಂದು ಬಿಡ್ರಿ ಮೇಡಂ, ಕೋಡಿಂಗ್ ಚೆಕ್ ಮಾಡ್ಬೇಕಾಗುತ್ತೆ' ಅಂದಿದ್ದರು. ಗುರುತಿನ ಚಿಪ್‌ಗೆ ಸೆಲ್ಲೇ ಬೇಡ ಅಂದಮೇಲೆ, ಸೆಲ್ ತೆಗೆದರೆ ಅದಕ್ಕೇನು? ರೇಡಿಯೊ ಭಾಗದ ಗುರುತೂ ಈಗಿನ ಹೆಚ್ಚಿನ ಕೀಗಳಲ್ಲಿ ಕರೆಂಟ್ ಇಲ್ಲದೆಯೂ ಅಳಿಯದ ಮೆಮೊರಿಯಲ್ಲಿ ಇರುತ್ತೆ. ಕೆಲವು ಹಳೇ ಮಾಡೆಲ್‌ಗಳಲ್ಲಿ ಮಾತ್ರ ಸೆಲ್ ಹಾಕಿದ ಮೇಲೆ ಕೀ ತಿರುಗಿಸಿ ಬಟನ್ ಒತ್ತಿ ಮತ್ತೆ ಹೊಂದಿಸಿಕೊಳ್ಳಬೇಕಾಗುತ್ತೆ. ಅದೂ ಮನೆಯಲ್ಲೇ ಆಗುವ ಕೆಲಸ.

ನಮ್ಮ ಪುಸ್ತಕದಲ್ಲಿ ಸೆಲ್ ನಂಬರು ಸಿಆರ್ 2032 ಅಂತ ಇತ್ತು. ಈ ನಂಬರು ಸುಮ್ನೆ ಇಟ್ಟಿದ್ದಲ್ಲ, ಅಳತೆ ಅದರಲ್ಲೇ ಇದೆ. 20 ಅಂದರೆ 20 ಮಿಲಿಮೀಟರ್ ಅಗಲ. 32 ಅಂದರೆ 3.2 ಮಿಲಿಮೀಟರ್ ದಪ್ಪ. 2025 ಆದರೆ ಅಗಲ ಅಷ್ಟೇ, ದಪ್ಪ 2.5. 2016 ಆದರೆ 1.6. ಮೂರೂ 3 ವೋಲ್ಟೇ. ಹಾಗಾಗಿ ಅಂಗಡಿಯಲ್ಲಿ 2032 ಇಲ್ಲ ಅಂದರೆ 2025 ಕೊಟ್ಟು, ಕೆಳಗೊಂದು ಪೇಪರ್ ಮಡಚಿ ಇಡಿ ಅನ್ನುವವರೂ ಇದ್ದಾರೆ. ಬೇಡ. ತೆಳ್ಳಗಿನ ಸೆಲ್ ಕೀ ಬಿದ್ದಾಗೆಲ್ಲ ಅಲುಗಾಡಿ ಸಂಪರ್ಕ ತಪ್ಪುತ್ತೆ. ತೆಳ್ಳಗಿದ್ದಷ್ಟೂ ಒಳಗಿನ ಸರಕೂ ಕಮ್ಮಿ, ಬೇಗ ಮುಗಿಯುತ್ತೆ.

ಗಾಂಧಿ ಸರ್ಕಲ್ ಕಡೆ ಒಂದು ಸಣ್ಣ ವಾಚ್ ಅಂಗಡಿಗೆ ಹೋದೆ. ಅಂಗಡಿಯವರು ಡಬ್ಬಿ ಒಂದನ್ನು ಮುಂದೆ ತಳ್ಳಿದರು. ಅದರ ತುಂಬ ಬಿಡಿ ಸೆಲ್‌ಗಳು, ಒಂದರ ಮೇಲೊಂದು. ನನಗೆ ಸ್ಟ್ರಿಪ್ಪಿನದೇ ಬೇಕು ಅಂದೆ. 'ಎಲ್ಲಾ ಒಂದೇ ರೀ ಅಕ್ಕ' ಅಂದರು. ಒಂದೇ ಅಲ್ಲ. ಸೆಲ್ಲಿನ ಒಂದು ಮುಖ ಪ್ಲಸ್, ಇನ್ನೊಂದು ಮೈನಸ್. ಡಬ್ಬಿಯಲ್ಲಿ ಒಂದಕ್ಕೊಂದು ತಾಗಿಕೊಂಡು ಕೂತರೆ ಅಲ್ಲೇ ಶಾರ್ಟ್ ಆಗಿ ಚಾರ್ಜ್ ಸೋರುತ್ತೆ. ಅವರಿಗೂ ಗೊತ್ತಿತ್ತು ಅನ್ನಿಸುತ್ತೆ, ನಗುತ್ತಾ ಗೋಡೆಗೆ ನೇತುಹಾಕಿದ್ದ ಹೊಸ ಸ್ಟ್ರಿಪ್ ಇಳಿಸಿದರು. ಹಿಂದೆ ಅಚ್ಚಾದ ತಾರೀಕು ನೋಡಿ ತಗೊಂಡೆ. ಒಂದು ಸೆಲ್ಲಿಗೆ ಬಿದ್ದದ್ದು ಒಂದು ಪ್ಲೇಟ್ ಬೆನ್ನೆ ದೋಸೆಗಿಂತ ಕಮ್ಮಿ.

ಕೆಲವು ಕಂಪನಿಯವರು ಸೆಲ್ ಮೇಲೆ ಕಹಿ ಲೇಪನ ಹಾಕುತ್ತಾರೆ. ಮಕ್ಕಳು ಬಾಯಿಗಿಟ್ಟರೆ ಉಗುಳಲಿ ಅಂತ. ಒಳ್ಳೇದೇ. ಆದರೆ ಆ ಲೇಪನ, ಒಳಗೆ ಸೆಲ್ ಹಿಡಿದುಕೊಳ್ಳುವ ಲೋಹದ ಕಾಲಿಗೆ ತಾಗುವ ಜಾಗದಲ್ಲಿದ್ದರೆ ಕೆಲವು ಸಾಧನಗಳಲ್ಲಿ ಹೊಸ ಸೆಲ್ಲೂ ಕೆಲಸ ಮಾಡಲ್ಲ. ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಅಷ್ಟು ಜಾಗ ಒರೆಸಿದರೆ ಸರಿಹೋಗುತ್ತೆ.

ಇನ್ನು ಕೀ ಬಿಚ್ಚೋದು. ಊಟದ ಮೇಜಿನ ಮೇಲೆ ಬಿಳಿ ಟವೆಲ್ ಹಾಸಿದೆ. ಏನಾದರೂ ಸಣ್ಣ ಚೂರು ಬಿದ್ದರೆ ಉರುಳಿ ಹೋಗಲ್ಲ, ಕಣ್ಣಿಗೂ ಕಾಣುತ್ತೆ. ಲೋಹದ ಕೀ ಹೊರಗೆ ಎಳೆದಾಗ ಅದು ಕೂತಿದ್ದ ಜಾಗದಲ್ಲೇ ಒಂದು ಸಣ್ಣ ಸೀಳು ಕಾಣುತ್ತೆ. ಬಿಚ್ಚುವ ಜಾಗ ಅದೇ. ಚಪ್ಪಟೆ ಸ್ಕ್ರೂಡ್ರೈವರ್ ತುದಿಗೆ ಒಂದು ಸುತ್ತು ಇನ್ಸುಲೇಷನ್ ಟೇಪ್ ಹಾಕಿಕೊಂಡೆ, ಪ್ಲಾಸ್ಟಿಕ್ ಗೀರಬಾರದಲ್ಲ. ಸೀಳಿನಲ್ಲಿ ಇಟ್ಟು ಮೇಲಕ್ಕೆ ಮೀಟಬಾರದು. ಸ್ಕ್ರೂ ತಿರುಗಿಸಿದ ಹಾಗೆ ಪಕ್ಕಕ್ಕೆ ತಿರುಗಿಸಬೇಕು. ಮೀಟಿದರೆ ಒಳಗಿನ ಕೊಂಡಿಗಳು ಮುರಿಯುತ್ತವೆ, ಆಮೇಲೆ ಕೀಗೆ ರಬ್ಬರ್ ಬ್ಯಾಂಡ್ ಹಾಕಿಕೊಂಡು ತಿರುಗಬೇಕಾಗುತ್ತೆ. ತಿರುಗಿಸಿದಾಗ ಟಕ್ ಅಂತ ಶಬ್ದ ಬಂತು. ಎದೆ ಧಸಕ್ಕೆಂದಿತು. ಮುರಿದದ್ದಲ್ಲ, ಮೊದಲ ಕೊಂಡಿ ಬಿಟ್ಟುಕೊಂಡದ್ದು. ಅಲ್ಲಿಂದ ಉಗುರು ತೂರಿಸಿ ಸುತ್ತ ಬಂದರೆ ಕೀ ಎರಡು ಹೋಳಾಗುತ್ತೆ.

ಒಳಗೆ ನೋಡಿದರೆ ಅಂಚಿನ ಸುತ್ತ ಕಂದು ಬಣ್ಣದ ನುಣ್ಣನೆ ಪುಡಿ. ತುಕ್ಕು ಅಂದುಕೊಂಡೆ. ಬೆರಳಿಗೆ ತಗೊಂಡು ಮೂಸಿದರೆ ಅಡಿಕೆ! ಮಾವ ಕಾರು ತಗೊಂಡು ಚನ್ನಗಿರಿ ಕಡೆ ತೋಟಕ್ಕೆ ಹೋಗುವಾಗ ಕೀಯನ್ನು ಅಂಗಿ ಜೇಬಿನಲ್ಲಿ, ಅಡಿಕೆ ಚೀಟಿ ಜೊತೆ ಇಟ್ಟುಕೊಳ್ಳುತ್ತಾರೆ. ಪ್ಲಾಸ್ಟಿಕ್ಕಿನ ಕೂದಲೆಳೆ ಸಂದಿನಲ್ಲೂ ಅದು ಹೊಕ್ಕಿದೆ. ಆದರೆ ಒಳಗಿನ ರಬ್ಬರ್ ಅಂಚಿನ ಹತ್ತಿರ ಬಂದು ನಿಂತಿದೆ. ಸರ್ಕ್ಯೂಟ್ ಬೋರ್ಡ್ ಇರುವ ಕಡೆ ಒಂದು ಕಣವೂ ಇಲ್ಲ. ಆ ತೆಳ್ಳನೆ ರಬ್ಬರು ಎಷ್ಟು ಮುಖ್ಯ ಅಂತ ಅವತ್ತು ಗೊತ್ತಾಯಿತು. ಧೂಳು, ಬೆವರು, ಮಳೆ ನೀರು ಎಲ್ಲವನ್ನೂ ತಡೆಯೋದು ಅದೇ. ಮುಚ್ಚುವಾಗ ಅದನ್ನು ಅದರ ತೋಡಿನಲ್ಲೇ ಸರಿಯಾಗಿ ಕೂರಿಸಬೇಕು.

ಅತ್ತೆ ಬಗ್ಗಿ ನೋಡಿ, 'ಒಂದು ಹನಿ ಕೊಬ್ಬರಿ ಎಣ್ಣೆ ಬಿಡೇ, ಸಲೀಸಾಗುತ್ತೆ' ಅಂದರು. ಎಣ್ಣೆ ಬೇಡ, ನೀರೂ ಬೇಡ. ಒಣಗಿದ ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಅಂಚನ್ನು ಮಾತ್ರ ಉಜ್ಜಿದೆ. ಬೋರ್ಡ್ ಮುಟ್ಟಲಿಲ್ಲ.

ಸೆಲ್ ತೆಗೆಯುವ ಮೊದಲು ಮೊಬೈಲಿನಲ್ಲಿ ಒಂದು ಫೋಟೊ ಹೊಡೆದುಕೊಳ್ಳಿ. ಯಾವ ಮುಖ ಮೇಲಿತ್ತು ಅನ್ನೋ ಜಗಳ ಆಮೇಲೆ ಬರಲ್ಲ. ನಂಬರು ಬರೆದಿರೋ ಅಗಲ ಮುಖವೇ ಪ್ಲಸ್. ನಮ್ಮ ಕೀಯಲ್ಲಿ ಅದು ಕೆಳಗಿತ್ತು, ಬೇರೆ ಕೀಗಳಲ್ಲಿ ಮೇಲೆ ಇರಬಹುದು. ಸೆಲ್ಲನ್ನು ಲೋಹದ ಚಿಮಟದಿಂದ ಹಿಡಿದು ಎತ್ತಬೇಡಿ, ಎರಡು ಮುಖಕ್ಕೂ ಒಟ್ಟಿಗೆ ತಾಗಿದರೆ ಶಾರ್ಟ್. ನಾನು ಹಲ್ಲುಕಡ್ಡಿಯಿಂದ ಅಂಚು ಎತ್ತಿದೆ. ಅದನ್ನು ಹಿಡಿದಿರುವ ತೆಳು ಲೋಹದ ಕಾಲುಗಳನ್ನು ಬಗ್ಗಿಸಬಾರದು. ಅವು ಸ್ಪ್ರಿಂಗ್ ಥರ ಒತ್ತಿ ಹಿಡಿದಿದ್ದರೇನೇ ಕರೆಂಟ್ ಹರಿಯೋದು.

ಹಳೇ ಸೆಲ್ ಹೊರಗೆ ಬಂದದ್ದೇ ತಡ, ನಮ್ಮ ಯಜಮಾನರು ಮಲ್ಟಿಮೀಟರ್ ಹಿಡಿದು ಬಂದರು. ಅಳೆದರು. 2.8 ವೋಲ್ಟ್. 'ಸೆಲ್ ಚೆನ್ನಾಗೇ ಇದೆಯಲ್ಲೇ! ಮೂರಕ್ಕೆ 2.8 ಇದೆ. ಕೀಯೇ ಹೋಗಿರಬೇಕು.' ಹೊಸ ಸೆಲ್ ಅಳೆದರೆ 3.2 ಬಂತು. ವ್ಯತ್ಯಾಸ ಅಷ್ಟೇನಾ ಅಂತ ಅವರ ವಾದ. ಕೇಳೋಕೆ ಸರಿ ಅನ್ನಿಸುತ್ತೆ. ಮೀಟರ್ ಅಳೆಯುವಾಗ ಸೆಲ್ಲಿನಿಂದ ಹೆಚ್ಚುಕಮ್ಮಿ ಏನೂ ಕರೆಂಟ್ ಎಳೆಯಲ್ಲ. ಸೆಲ್ ಸುಮ್ಮನೆ ಕೂತು ತನ್ನ ಒಳ್ಳೇ ಮುಖ ತೋರಿಸುತ್ತೆ. ಬಟನ್ ಒತ್ತಿದಾಗ ರೇಡಿಯೊ ಒಮ್ಮೆಗೇ ಕರೆಂಟ್ ಕೇಳುತ್ತೆ. ಹಳೇ ಸೆಲ್ಲಿನ ಒಳಗೆ ಪ್ರತಿರೋಧ ಬೆಳೆದಿರುತ್ತೆ. ಕೇಳಿದ ತಕ್ಷಣ ವೋಲ್ಟೇಜ್ ಕುಸಿಯುತ್ತೆ. ಬೇಕಾದರೆ ಪ್ಲಸ್ಸಿಗೂ ಮೈನಸ್ಸಿಗೂ ಮಧ್ಯೆ ಒಂದು ರೆಸಿಸ್ಟರ್, ಅಂದರೆ ಸೆಲ್ಲಿನಿಂದ ಸ್ವಲ್ಪ ಕರೆಂಟ್ ಎಳೆಯುವ ಪುಟ್ಟ ಬಿಡಿಭಾಗ, ಹಿಡಿದು, ಆಗ ಅಳೆದು ನೋಡಿ ಅಂದೆ. ಅವರ ಡಬ್ಬಿಯಲ್ಲಿ ಒಂದು ಸಿಕ್ಕಿತು. ಹೊಸದು ಅಷ್ಟೇನೂ ಇಳಿಯಲಿಲ್ಲ. ಹಳೇದು ನೋಡನೋಡುತ್ತಾ ಎರಡಕ್ಕಿಂತ ಕೆಳಗೆ ಜಾರಿತು. 'ಹೂಂ' ಅಂದು ಮೀಟರ್ ಆಫ್ ಮಾಡಿದರು.

ಹೊಸ ಸೆಲ್ಲನ್ನು ಅಂಚಿನಲ್ಲಿ ಹಿಡಿದು ಕೂರಿಸಿದೆ. ಮುಖದ ಮೇಲೆ ಬೆರಳಿನ ಬೆವರು, ಜಿಡ್ಡು ತಾಗದಿದ್ದರೆ ಒಳ್ಳೇದು. ರಬ್ಬರ್ ಕೂರಿಸಿ, ಎರಡೂ ಹೋಳು ಸೇರಿಸಿ, ಸುತ್ತಲೂ ಒತ್ತುತ್ತಾ ಬಂದೆ. ಟಕ್ ಟಕ್ ಅಂತ ಕೊಂಡಿಗಳು ಕೂತವು. ಸಂದು ಎಲ್ಲೂ ಬಾಯಿ ಬಿಟ್ಟಿಲ್ಲ ಅಂತ ಉಗುರು ಆಡಿಸಿ ನೋಡಿದೆ. ಬಟನ್ ಒತ್ತಿದರೆ ಕೆಂಪು ದೀಪ. ಬಾಗಿಲಿನಿಂದಲೇ ಕಾರು ಟಿಕ್ ಅಂತು. ಡಿಕ್ಕಿ ತೆರೆಯೋ ಬಟನ್ನೂ ನೋಡಿದೆ, ಕೀ ಜೇಬಿನಲ್ಲಿಟ್ಟು ಬಾಗಿಲ ಹಿಡಿಕೆಯ ಗುಂಡಿ ಒತ್ತಿಯೂ ನೋಡಿದೆ. ಮೀಟರಿನ ಕೀ ಚಿತ್ರ ಮತ್ತೆ ಬರಲಿಲ್ಲ.

ಈಗ ಹಳೇ ಸೆಲ್. ಇದನ್ನೇ ನಾನು ಎಲ್ಲಕ್ಕಿಂತ ಜೋಪಾನ ಮಾಡಿದ್ದು. ರಜೆಗೆ ನಾದಿನಿಯ ಮಗು ಮನೆಯಲ್ಲಿತ್ತು, ಸಿಕ್ಕಿದ್ದೆಲ್ಲ ಬಾಯಿಗೆ ಹಾಕುವ ವಯಸ್ಸು. 20 ಮಿಲಿಮೀಟರ್ ಸೆಲ್ ಚಿಕ್ಕ ಮಕ್ಕಳ ಅನ್ನನಾಳದಲ್ಲಿ ಸಿಕ್ಕಿಕೊಳ್ಳುವ ಅಳತೆಯದು. ಅಲ್ಲಿ ಒದ್ದೆಗೆ ತಾಗಿ ಕರೆಂಟ್ ಹರಿದು, ಮೈನಸ್ ಕಡೆ ಕ್ಷಾರ ಹುಟ್ಟಿ ಒಳಗೇ ಸುಡೋಕೆ ಶುರುವಾಗುತ್ತೆ. ಎರಡೇ ಗಂಟೆಯಲ್ಲಿ ದೊಡ್ಡ ಗಾಯ ಆಗಬಹುದು. ಕೀಗೆ ಸಾಲದ ಸೆಲ್ ಅಂತ ಉದಾಸೀನ ಬೇಡ, ಮಗುವಿನ ಗಂಟಲು ಸುಡೋಕೆ ಅದರಲ್ಲಿ ಉಳಿದಿರೋದು ಧಾರಾಳ ಸಾಕು. ನುಂಗಿದೆ ಅನ್ನೋ ಅನುಮಾನ ಬಂದರೂ ವಾಂತಿ ಮಾಡಿಸೋಕೆ ಹೋಗಬಾರದು. ಮಲದಲ್ಲಿ ಬರುತ್ತೆ ಅಂತ ಕಾಯಲೂಬಾರದು. ನೇರ ಆಸ್ಪತ್ರೆಗೆ ಓಡಬೇಕು, ಎಕ್ಸ್‌ರೇ ತೆಗೆಯುತ್ತಾರೆ. ಅತ್ತೆಗೆ ಇದನ್ನು ಹೇಳಿದ ಮೇಲೆ ಮೇಜಿನ ಮೇಲಿದ್ದ ಸ್ಟ್ರಿಪ್ಪನ್ನೂ ಅವರೇ ಎತ್ತಿ ದೇವರ ಮನೆ ಮೇಲಿನ ಗೂಡಿಗೆ ಸೇರಿಸಿದರು. ಹಳೇ ಸೆಲ್ಲಿನ ಎರಡು ಮುಖಕ್ಕೂ ಟೇಪ್ ಅಂಟಿಸಿ, ಮುಚ್ಚಳ ಬಿಗಿಯಾದ ಡಬ್ಬಿಗೆ ಹಾಕಿಟ್ಟೆ. ಹಸಿ ಕಸ, ಒಣ ಕಸದ ಬುಟ್ಟಿಗೆ ಅದು ಹೋಗಬಾರದು, ಇ-ತ್ಯಾಜ್ಯ ತಗೊಳ್ಳುವವರಿಗೆ ಕೊಡಬೇಕು.

ಸೆಲ್ ಬೇಗ ಮುಗಿಯೋಕೆ ಒಂದು ಕಾರಣ ನಮ್ಮ ಮನೆಯಲ್ಲೇ ಇತ್ತು. ಕೀ ನೇತುಹಾಕುವ ಮೊಳೆ ಪೋರ್ಟಿಕೊ ಗೋಡೆಗೆ ಒಳಗಿನಿಂದ ಹೊಡೆದದ್ದು. ಗೋಡೆಯ ಆಚೆಯೇ ಕಾರು. ಇಂಥ ಕೀ ಕಾರಿನ ತೀರಾ ಹತ್ತಿರ ಇದ್ದರೆ ಎರಡೂ ಸುಮ್ಮನಿರಲ್ಲ, ಮಾತಾಡಿಕೊಳ್ಳುತ್ತಲೇ ಇರಬಹುದು. ಸೆಲ್ ಖರ್ಚಾಗುತ್ತೆ. ಟಿವಿ, ಲ್ಯಾಪ್‌ಟಾಪ್ ಪಕ್ಕ ಇಟ್ಟರೂ ಹಾಗೇ ಅಂತ ಪುಸ್ತಕದಲ್ಲಿದೆ. ಮೊಳೆ ಅಡುಗೆಮನೆ ಪಕ್ಕಕ್ಕೆ ಬದಲಾಯಿತು. ಎರಡನೇ ಕೀಗೂ ಸ್ಟ್ರಿಪ್ಪಿನ ಇನ್ನೊಂದು ಸೆಲ್ ಹಾಕಿದೆ. ಬೀರುವಿನಲ್ಲಿದ್ದರೂ ಅದಕ್ಕೂ ವಯಸ್ಸಾಗಿದೆ ಅಲ್ವಾ.

ಸುದ್ದಿ ಪಕ್ಕದ ಮನೆಗೆ ಹೋಯಿತು. ಅಲ್ಲಿನ ಅಂಕಲ್ ತಮ್ಮ ಹಳೇ ಕಾರಿನ ಕೀ ತಂದು, 'ಇದಕ್ಕೂ ಒಂದು ಹಾಕಿಬಿಡಮ್ಮ' ಅಂದರು. ಅದು ತಿರುಗಿಸಿ ಸ್ಟಾರ್ಟ್ ಮಾಡೋ ಥರದ್ದು. ಮಗ್ಗುಲಲ್ಲಿ ಸಣ್ಣ ಸ್ಟಾರ್ ಸ್ಕ್ರೂ ಇತ್ತು. ಅದನ್ನು ಬಿಚ್ಚುವಾಗ ಕೈ ಇನ್ನೂ ನಿಧಾನ ಮಾಡಿದೆ. ಇಂಥ ಹಳೇ ಕೀಗಳಲ್ಲಿ ಆ ಗುರುತಿನ ಚಿಪ್ ಬೋರ್ಡಿಗೆ ಬೆಸೆದಿರದೆ ಬಿಡಿಯಾಗಿ ಒಂದು ಗುಳಿಯಲ್ಲಿ ಕೂತಿರಬಹುದು. ಅಕ್ಕಿ ಕಾಳಿಗಿಂತ ಸ್ವಲ್ಪ ದೊಡ್ಡದು, ಅಷ್ಟೇ. ಅದು ಜಾರಿ ಬಿದ್ದು ಕಸದ ಜೊತೆ ಹೋದರೆ ಬಾಗಿಲು ತೆರೆಯುತ್ತೆ, ಇಂಜಿನ್ ಮಾತ್ರ ಸ್ಟಾರ್ಟ್ ಆಗಲ್ಲ. ಟವೆಲ್ ಮೇಲೆ ಬಿಚ್ಚಿ ಅಂಕಲ್‌ಗೆ ತೋರಿಸಿದೆ. ಕರಿ ತುಂಡು ತನ್ನ ಗುಳಿಯಲ್ಲಿ ಭದ್ರವಾಗಿತ್ತು. ಪಕ್ಕದಲ್ಲಿದ್ದ ಸೆಲ್ ತಿರುಗಿಸಿ ನೋಡಿದರೆ 1620. ನನ್ನ ಸ್ಟ್ರಿಪ್ಪಿನಲ್ಲಿ ಉಳಿದದ್ದೆಲ್ಲ 2032. ಅಂಕಲ್ ಆ ನಂಬರನ್ನು ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡು ಗಾಂಧಿ ಸರ್ಕಲ್‌ಗೆ ಸ್ಕೂಟರ್ ತೆಗೆದರು. ಡಬ್ಬಿಯಲ್ಲಿರೋ ಬಿಡಿ ಸೆಲ್ ತಗೋಬೇಡಿ ಅಂತ ಗೇಟಿನಿಂದಲೇ ಕೂಗಿ ಹೇಳಿದೆ.